ಎಂಟು ಹಳ್ಳಿಗೆ ಹೆಸರಾದ ಅಪ್ಪ

2006ರ ಮಾರ್ಚ್ ತಿಂಗಳ ಒಂದು ಶನಿವಾರದ ಸಂಜೆ. ತನ್ನ ಸರದಿ ಬಂದಾಗ ಆಕೆ ಎದ್ದು ನಿಂತು, ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಪದ ಬಿಡಿಸಿ ಓದಿದಳು: ‘ಮೈ ಫಾದರ್ ವಾಸ್ ನಟೋರಿಯಸ್ ಇನ್ ಎಯ್ಟ್ ವಿಲೇಜಸ್.’

ನನ್ನ ಅಪ್ಪ ಎಂಟು ಹಳ್ಳಿಗೆ ಕುಖ್ಯಾತ ಎಂದು ಅದರ ಅರ್ಥ. ಆಕೆ ಹೇಳಹೊರಟಿದ್ದು ಅದಲ್ಲ ಅನ್ನುವುದು ದನಿಯಲ್ಲೇ ಗೊತ್ತಾಗುತ್ತಿತ್ತು. ಅಪ್ಪ ಷಾನ್‌ಡೊಂಗ್ ಪ್ರಾಂತ್ಯದ ಒಂದು ಹಳ್ಳಿಯ ಶಾಲೆಯಲ್ಲಿ ಮಾಸ್ತರರಾಗಿದ್ದವರು, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಚೀನೀ ಭಾಷೆಯಲ್ಲಿ ‘ಹತ್ತು ಲೀ, ಎಂಟು ಹಳ್ಳಿ’ ಅನ್ನುವ ನುಡಿಗಟ್ಟಿದೆ. ಒಂದು ಲೀ ಅಂದರೆ ಅರ್ಧ ಕಿಲೋಮೀಟರು. ನಾವು ‘ಸುತ್ತ ಹತ್ತು ಹಳ್ಳಿಗೆ ಹೆಸರಾದವರು’ ಅನ್ನುತ್ತೇವಲ್ಲ, ಅದೇ ಅಳತೆ. ಆಕೆ ಆ ಎಂಟು ಹಳ್ಳಿಗಳನ್ನು ಹಾಗೇ ಎತ್ತಿಕೊಂಡು ಇಂಗ್ಲಿಷಿಗೆ ಬಂದಿದ್ದಳು. ‘ಹೆಸರಾದ’ ಅನ್ನುವುದಕ್ಕೆ ಆಕೆಯ ಕಿರು ಪದಕೋಶದಲ್ಲಿ ಒಂದೇ ಸಾಲಿನಲ್ಲಿ ಐದಾರು ಪದ ಇದ್ದವು. ಫೇಮಸ್, ವೆಲ್‌ನೋನ್, ಸೆಲೆಬ್ರೇಟೆಡ್, ರಿನೌನ್ಡ್, ನಟೋರಿಯಸ್. ಸಾಲು ಮುಂದೆ ಹೋದಂತೆ ಪದ ದೊಡ್ಡದಾಗುತ್ತದೆ ಅಂತ ಎಣಿಸಿ, ಅಪ್ಪನಿಗೆ ಕೊನೆಯದನ್ನು ಇಟ್ಟಿದ್ದಳು.

ನಾನು ಆಗ ಸಿಂಗಪುರಕ್ಕೆ ಬಂದು ಎರಡು ವರ್ಷವಾಗಿತ್ತು. ಧಾರವಾಡದಲ್ಲಿ ಎಂಟು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದೆ. ಯಜಮಾನರ ಕೆಲಸದ ಜೊತೆ ಅಲ್ಲಿಗೆ ಬಂದ ಮೇಲೆ ಕೈ ಖಾಲಿಯಾಗಿತ್ತು. ತೋವಾ ಪಾಯೋದ ನಮ್ಮ ಸರ್ಕಾರಿ ವಸತಿ ಕಟ್ಟಡದ ಕೆಳಗೆ, ಇಂಥ ಹೆಚ್ಚಿನ ಕಟ್ಟಡಗಳಲ್ಲಿ ಇರುವ ಹಾಗೆ, ಗೋಡೆಯಿಲ್ಲದ ತೆರೆದ ನೆಲ ಅಂತಸ್ತು. ಅದಕ್ಕೆ ಅಲ್ಲಿಯವರು ವಾಯ್ಡ್ ಡೆಕ್ ಅನ್ನುತ್ತಾರೆ. ಮಲಯರ ಮದುವೆಯೂ ಅಲ್ಲೇ, ಚೀನೀಯರ ಸಾವಿನ ಜಾಗರಣೆಯೂ ಅಲ್ಲೇ. ಅದರ ಒಂದು ಮೂಲೆಯ ಕೊಠಡಿಯಲ್ಲಿ ಚೀನಾದಿಂದ ಹೊಸದಾಗಿ ಬಂದವರಿಗೆ ಪುಕ್ಕಟೆ ಇಂಗ್ಲಿಷ್ ಪಾಠ. ಕಲಿಸುವವರು ಬೇಕು ಅಂತ ಲಿಫ್ಟಿನ ಬಾಗಿಲ ಪಕ್ಕ ಚೀಟಿ ಅಂಟಿಸಿದ್ದರು, ಹೋದೆ.

ಹದಿನಾಲ್ಕು ಮಂದಿ ಬರುತ್ತಿದ್ದರು. ಹೆಚ್ಚಿನವರು ‘ಪೇಯ್‌ದೂ ಮಾಮಾ’ಗಳು, ಅಂದರೆ ಮಗುವಿನ ಓದಿಗೆ ಜೊತೆಯಾಗಿ ಬಂದ ತಾಯಂದಿರು. ಗಂಡ ಚೀನಾದಲ್ಲಿ, ಮಗು ಸಿಂಗಪುರದ ಶಾಲೆಯಲ್ಲಿ, ತಾಯಿ ಬಾಡಿಗೆ ಕೋಣೆಯಲ್ಲಿ. ಮಗುವಿನ ಓದಿನ ಮೇಲೆ ಮನೆತನದ ಹೆಸರನ್ನೇ ಪಣಕ್ಕಿಟ್ಟು ಬಂದವರು. ಇಂಥವರಿಗೆ ತರಕಾರಿಯ ಹೆಸರು, ಬಸ್ಸಿನ ಹೆಸರಿಗಿಂತ ಮೊದಲು ಬೇಕಾಗಿದ್ದು ಮಾನ ಮರ್ಯಾದೆಯ ಪದಗಳು. ತಾನು ಯಾರು, ತನ್ನ ಮನೆಯವರು ಎಂಥವರು ಅಂತ ಶಾಲೆಯ ಮಾಸ್ತರರ ಮುಂದೆ, ಕೆಲಸ ಕೊಡುವವರ ಮುಂದೆ ಹೇಳಿಕೊಳ್ಳಬೇಕಿತ್ತು.

ಆ ಸಂಜೆ ನಾನು ಮಾಡಿದ್ದನ್ನು ಹೇಳುತ್ತೇನೆ. ವಾಕ್ಯ ಕೇಳಿದ ತಕ್ಷಣ ಬೋರ್ಡಿನ ಕಡೆ ತಿರುಗಿ ‘ನಟೋರಿಯಸ್’ ಅಂತ ದೊಡ್ಡದಾಗಿ ಬರೆದೆ. ಇದು ಕಳ್ಳರಿಗೆ, ದರೋಡೆಕೋರರಿಗೆ ಹೇಳುವ ಪದ, ಅಪ್ಪನಿಗೆ ಹೇಳಬಾರದು ಅಂದೆ. ಹಿಂದಿನ ಬೆಂಚಿನಿಂದ ಯಾರೋ ಅದನ್ನು ಚೀನೀ ಭಾಷೆಗೆ ತಿರುಗಿಸಿದರು: ‘ಛೌಮಿಂಗ್’. ಛೌ ಅಂದರೆ ನಾತ, ಮಿಂಗ್ ಅಂದರೆ ಹೆಸರು. ನಾತ ಬಡಿಯುವ ಹೆಸರು. ಎರಡು ಮೂರು ಮಂದಿ ನಕ್ಕರು. ಆಕೆಯ ಕುತ್ತಿಗೆಯಿಂದ ಕೆಂಪು ಏರಿ ಕಿವಿಯವರೆಗೆ ಹೋಯಿತು. ನೋಟ್‌ಬುಕ್ ಮುಚ್ಚಿ ಕುಳಿತಳು. ಪಾಠ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಮುಂದಿನ ಎರಡು ಶನಿವಾರ ಬರಲೂ ಇಲ್ಲ.

ತಪ್ಪು ತಿದ್ದುವುದು ಕಲಿಸುವವರ ಕೆಲಸ, ಅದನ್ನೇ ಮಾಡಿದೆ ಅಂತ ನನ್ನ ಮನಸ್ಸಿಗೆ ನಾನೇ ಹೇಳಿಕೊಂಡಿದ್ದೆ. ಹಾಗಲ್ಲ ಅಂತ ತಿಳಿಸಿದವರು ತರಗತಿಯಲ್ಲೇ ಹಿರಿಯರಾದ ಒಬ್ಬ ಹೆಂಗಸು. ಥಿಯೆನ್‌ಜಿನ್ ಹತ್ತಿರದ ಹಳ್ಳಿಯವರು, ವಯಸ್ಸು 57, ಊರಿನ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆದು ನಿವೃತ್ತರಾಗಿ ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದರು. ಉಳಿದವರೆಲ್ಲ ಅವರನ್ನು ‘ಆಯಿ’ ಅನ್ನುತ್ತಿದ್ದರು. ಚೀನೀ ಭಾಷೆಯಲ್ಲಿ ಅದು ಚಿಕ್ಕಮ್ಮ, ಹಿರಿಯ ಹೆಂಗಸು. ನಮ್ಮ ಧಾರವಾಡದ ಕಡೆ ಆಯಿ ಅಂದರೆ ಅಜ್ಜಿ. ಹಾಗಾಗಿ ಮೊದಲ ದಿನದಿಂದಲೇ ಅವರನ್ನು ಆಯಿ ಅಂತ ಕರೆಯಲು ನನಗೆ ಏನೂ ಕಷ್ಟವಾಗಲಿಲ್ಲ.

ಪಾಠ ಮುಗಿದ ಮೇಲೆ ಆಯಿ ಉಳಿದುಕೊಂಡರು. ಅವರ ಇಂಗ್ಲಿಷ್ ಸ್ವಲ್ಪ, ನನ್ನ ಮ್ಯಾಂಡರಿನ್ ಇನ್ನೂ ಸ್ವಲ್ಪ. ಅಂಗೈಯನ್ನು ತಮ್ಮ ಕೆನ್ನೆಗೆ ಒತ್ತಿ ಹಿಡಿದು ‘ಲಿಯೆನ್’ ಅಂದರು. ಆಮೇಲೆ ಅದೇ ಅಂಗೈಯನ್ನು ಮುಖದಿಂದ ಒಂದು ಗೇಣು ದೂರ, ಕನ್ನಡಿ ಹಿಡಿದ ಹಾಗೆ ಹಿಡಿದು ‘ಮಿಯೆನ್‌ತ್ಸ’ ಅಂದರು. ಮತ್ತೆ ಕೆನ್ನೆ ಮುಟ್ಟಿ, ‘ಇದು ನನ್ನದು’. ಮತ್ತೆ ಗಾಳಿಯಲ್ಲಿ ಕೈ ಹಿಡಿದು, ‘ಇದು ನೀವು ಕೊಡುವುದು. ನೀವೇ ಕಿತ್ತುಕೊಳ್ಳಲೂ ಬಹುದು, ಲಾವ್‌ಶಿ.’ ಲಾವ್‌ಶಿ ಅಂದರೆ ಗುರು. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಮಾತು ಸೇರಿಸಿದರು. ‘ನೀವು ಅವಳದ್ದಷ್ಟೇ ತೆಗೆಯಲಿಲ್ಲ. ಸತ್ತ ಅಪ್ಪನದ್ದೂ ತೆಗೆದಿರಿ.’

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡೂ ಪದಗಳಿಗೆ ಇಂಗ್ಲಿಷಿನಲ್ಲಿ ಇರುವುದು ಒಂದೇ ಪದ, ಫೇಸ್. ಹೂ ಶಿಯೆನ್‌ಚಿನ್ ಎಂಬ ಚೀನೀ ಮೂಲದ ಮಾನವಶಾಸ್ತ್ರ ವಿದ್ವಾಂಸರು 1944ರಲ್ಲಿ ‘ಅಮೆರಿಕನ್ ಆಂತ್ರೊಪಾಲಜಿಸ್ಟ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಇದನ್ನೇ ಬಿಡಿಸಿ ತೋರಿಸಿದ್ದಾರೆ ಅನ್ನುವುದು ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ಲಿಯೆನ್ ಅಂದರೆ ಒಬ್ಬ ಮನುಷ್ಯನ ನಡತೆಯ ಮೇಲೆ ಸಮಾಜ ಇಟ್ಟಿರುವ ನಂಬಿಕೆ. ಬಡವನಿಗೂ ಅದು ಇರುತ್ತದೆ, ಅದು ಹೋದರೆ ಬದುಕೇ ಕಷ್ಟ. ಮಿಯೆನ್‌ತ್ಸ ಅಂದರೆ ಸಾಧನೆಯಿಂದ, ಹುದ್ದೆಯಿಂದ, ಕೂಡಿಸಿಟ್ಟ ಹೆಸರಿನಿಂದ ಬರುವ ಪ್ರತಿಷ್ಠೆ. ಅದು ಹೆಚ್ಚೂ ಆಗುತ್ತದೆ, ಕಡಿಮೆಯೂ ಆಗುತ್ತದೆ, ಸಾಲ ಕೂಡ ತರಬಹುದು. ವಿದ್ವಾಂಸರು ಪುಟಗಟ್ಟಲೆ ಹೇಳುವುದನ್ನು ಆಯಿ ಒಂದು ಅಂಗೈಯಲ್ಲಿ ತೋರಿಸಿಬಿಟ್ಟಿದ್ದರು.

ಇಂಗ್ಲಿಷಿಗೆ ಈ ಮಾತು ಬಂದದ್ದೇ ಚೀನಾದಿಂದ. ‘ಲೂಸ್ ಫೇಸ್’ ಅನ್ನುವುದು ಹತ್ತೊಂಬತ್ತನೆಯ ಶತಮಾನದಲ್ಲಿ ಚೀನಾದ ಬಂದರುಗಳಲ್ಲಿ ನೆಲೆಸಿದ್ದ ಇಂಗ್ಲಿಷರು ಚೀನೀ ಮಾತನ್ನು ಪದಕ್ಕೆ ಪದ ತಿರುಗಿಸಿ ಬಳಕೆಗೆ ತಂದದ್ದು. ‘ಸೇವ್ ಫೇಸ್’ ಅನ್ನುವುದನ್ನು ಅವರೇ ಅದಕ್ಕೆ ಜೋಡಿಯಾಗಿ ಕಟ್ಟಿಕೊಂಡರು. ಆರ್ಥರ್ ಸ್ಮಿತ್ ಎಂಬ ಅಮೆರಿಕನ್ ಪಾದ್ರಿ ಚೀನೀಯರ ಸ್ವಭಾವದ ಬಗ್ಗೆ ಬರೆದ ಪುಸ್ತಕದ ಮೊದಲ ಅಧ್ಯಾಯವೇ ಫೇಸ್. ಚೀನೀ ಲೇಖಕ ಲೂ ಶುನ್ 1934ರಲ್ಲಿ ಮಿಯೆನ್‌ತ್ಸ ಮೇಲೆ ಒಂದು ಪ್ರಬಂಧವನ್ನೇ ಬರೆದರು. ಹೊರಗಿನವರಿಗೂ ಒಳಗಿನವರಿಗೂ ಅದು ಒಂದೇ ಸಮನೆ ಕಾಡಿದ ಪದ.

ಆದರೆ ನನಗೆ ದಾರಿ ತೋರಿಸಿದ್ದು ಪುಸ್ತಕವಲ್ಲ, ಕನ್ನಡ. ಹಾಸಿಗೆಯಲ್ಲಿ ಮಲಗಿ ಮುಖದ ಮಾತುಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನುತ್ತೇವೆ. ಮುಖಕ್ಕೆ ಮಸಿ ಬಳಿದ ಅನ್ನುತ್ತೇವೆ. ಮುಖಭಂಗವಾಯಿತು ಅನ್ನುತ್ತೇವೆ. ‘ನನ್ನ ಮುಖ ನೋಡಿ ಬಿಟ್ಟುಬಿಡಿ’ ಅಂತ ಜಗಳ ಬಿಡಿಸುವ ಹಿರಿಯರು ಅನ್ನುತ್ತಾರಲ್ಲ, ಅದನ್ನೇ ಚೀನೀಯರು ‘ನನ್ನ ಮಿಯೆನ್‌ತ್ಸ ನೋಡಿ’ ಅನ್ನುತ್ತಾರೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇನ್ನು ಮುಖದಾಕ್ಷಿಣ್ಯ ಎಂಬ ಒಂದು ಪದದಲ್ಲಿ ಮಿಯೆನ್‌ತ್ಸ ಕೊಡುವುದು, ತೆಗೆದುಕೊಳ್ಳುವುದು ಎಲ್ಲ ಅಡಗಿದೆ. ಲಿಯೆನ್ ನಮಗೆ ಮಾನ. ಮಿಯೆನ್‌ತ್ಸ ನಮಗೆ ಮರ್ಯಾದೆ, ಪ್ರತಿಷ್ಠೆ. ‘ಮರ್ಯಾದೆ ಕೊಟ್ಟು ಮರ್ಯಾದೆ ತಗೋ’ ಅನ್ನುತ್ತೇವೆ. ‘ಮಾನ ಕೊಟ್ಟು ಮಾನ ತಗೋ’ ಅನ್ನುವುದಿಲ್ಲ. ಮಾನ ಕೊಟ್ಟು ತೆಗೆದುಕೊಳ್ಳುವ ಸರಕಲ್ಲ, ಇರುತ್ತದೆ ಇಲ್ಲವೇ ಹೋಗುತ್ತದೆ. ಮಾನಗೆಟ್ಟವನು ಅನ್ನುವುದು ಚೀನೀಯರ ‘ಪು ಯಾವ್ ಲಿಯೆನ್’, ಮುಖವೇ ಬೇಡವಾದವನು. ಎರಡೂ ಕಡೆ ಅದು ಹೊಡೆದಾಟಕ್ಕೆ ಎಳೆಯುವ ಬೈಗುಳ. ನಮ್ಮವ್ವ ಎಲ್ಲದಕ್ಕೂ ‘ನಾಕ್ ಮಂದಿ ಏನಂದಾರು’ ಅನ್ನುತ್ತಿದ್ದಳು. ಆ ನಾಲ್ಕು ಮಂದಿಯ ಕೈಯಲ್ಲೇ ಮಿಯೆನ್‌ತ್ಸ ಇರುವುದು. ಇಷ್ಟೆಲ್ಲ ಗೊತ್ತಿದ್ದೂ ನಾನು ಹದಿಮೂರು ಮಂದಿಯ ಮುಂದೆ ಒಬ್ಬಳ ಅಪ್ಪನ ಹೆಸರಿಗೆ ನಾತ ಹಚ್ಚಿದ್ದೆ.

ಮೂರನೆಯ ಶನಿವಾರ ಆಯಿಯೇ ಆಕೆಯನ್ನು ಕೈಹಿಡಿದು ಕರೆತಂದರು. ನಾನು ಎಲ್ಲರ ಮುಂದೆ ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಆ ವಾಕ್ಯ ಮತ್ತೊಮ್ಮೆ ಎಲ್ಲರ ಬಾಯಿಗೆ ಬರುತ್ತಿತ್ತು. ಅದರ ಬದಲು ಬೋರ್ಡಿನ ಮೇಲೆ ಪದಗಳನ್ನು ಇಟ್ಟೆ. ಕನ್ನಡದಲ್ಲಿ ಖ್ಯಾತ ಅನ್ನುವ ಒಂದೇ ಬೇರಿಗೆ ಪ್ರ ಸೇರಿದರೆ ಪ್ರಖ್ಯಾತ, ವಿ ಸೇರಿದರೆ ವಿಖ್ಯಾತ, ಕು ಸೇರಿದರೆ ಕುಖ್ಯಾತ. ಮೊದಲ ಅಕ್ಷರವೇ ಎಚ್ಚರಿಸುತ್ತದೆ. ಚೀನೀ ಭಾಷೆಯಲ್ಲೂ ಮಿಂಗ್ ಜೊತೆ ಛೌ ಸೇರಿದರೆ ಕಣ್ಣಿಗೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಆ ಎಚ್ಚರಿಕೆಯ ಹಲಗೆ ಇಲ್ಲ. ನಟೋರಿಯಸ್ ಅನ್ನುವುದರ ಲ್ಯಾಟಿನ್ ಮೂಲಕ್ಕೆ ‘ಎಲ್ಲರಿಗೂ ಗೊತ್ತಿರುವ’ ಅಂತಲೇ ಅರ್ಥ. ಕೆಟ್ಟದ್ದು ಆಮೇಲೆ ಅಂಟಿಕೊಂಡಿತು. ಅಂದರೆ ಆಕೆಯ ಎಣಿಕೆ ಕೆಲವು ಶತಮಾನ ತಡವಾಗಿತ್ತು ಅಷ್ಟೆ, ಪೂರ್ತಿ ತಪ್ಪಾಗಿರಲಿಲ್ಲ. ಇದನ್ನು ಎಲ್ಲರಿಗೂ ಹೇಳಿದೆ. ಇನ್‌ಫಮಸ್ ಇನ್ನೂ ಮೋಸದ ಪದ. ತರಗತಿಯ ಅರ್ಧ ಮಂದಿ ಅದನ್ನು ‘ಹೆಸರಿಲ್ಲದ’ ಅಂತ ಓದಿದ್ದರು, ಇನ್ನರ್ಧ ಮಂದಿ ‘ಬಹಳ ಹೆಸರಾದ’ ಅಂತ. ಓದುವಾಗ ಒತ್ತು ಮೊದಲ ಅಕ್ಷರಕ್ಕೆ ಹೋಗಿ ಫೇಮಸ್ ಅನ್ನುವುದು ಫಮಸ್ ಆಗಿ ಕುಗ್ಗುತ್ತದೆ.

ಆಮೇಲೆ ಒಂದು ಪ್ರಶ್ನೆ ಕೇಳಿದೆ: ಈ ಪದಗಳಲ್ಲಿ ಯಾವುದನ್ನು ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಬಹುದು? ಐ ಆಮ್ ಎಮಿನೆಂಟ್ ಅನ್ನಲಾಗುವುದಿಲ್ಲ. ಐ ಆಮ್ ರೆಸ್ಪೆಕ್ಟೆಡ್ ಅಂದರೂ ಕೇಳುವವರಿಗೆ ಇರುಸುಮುರುಸು. ಬೇರೆಯವರ ಬಾಯಿಂದಲೇ ಬರಬೇಕಾದ ಪದಗಳು ಇವು. ಇದು ಅವರಿಗೆ ತಟ್ಟನೆ ಹಿಡಿಸಿತು. ತನ್ನ ಹೆಸರನ್ನು ತಾನೇ ಎತ್ತಬಾರದು ಅನ್ನುವುದು ಅವರ ಮನೆಯ ಪಾಠ. ‘ಹಂದಿಗೆ ಕೊಬ್ಬುವ ಭಯ, ಮನುಷ್ಯನಿಗೆ ಹೆಸರಾಗುವ ಭಯ’ ಅನ್ನುವ ಅರ್ಥದ ಗಾದೆಯೇ ಅವರಲ್ಲಿದೆ. ಕೊಬ್ಬಿದ ಹಂದಿಯನ್ನೇ ತಾನೇ ಮೊದಲು ಕಡಿಯುವುದು.

ಕೊನೆಗೆ ‘ಲುಕ್ ಅಪ್ ಟು’, ‘ಲುಕ್ ಡೌನ್ ಆನ್’ ಬರೆದಾಗ ತರಗತಿಯಲ್ಲಿ ಗುಸುಗುಸು ಎದ್ದಿತು. ಚೀನೀ ಭಾಷೆಯಲ್ಲಿ ‘ಖಾನ್ ತ ಛಿ’ ಅಂದರೆ ಒಬ್ಬರನ್ನು ಮೇಲೆತ್ತಿ ನೋಡಲು ಮನಸ್ಸು ಬರುವುದು, ಗೌರವಿಸುವುದು. ‘ಖಾನ್ ಪು ಛಿ’ ಅಂದರೆ ಹಾಗೆ ನೋಡಲಾಗದೆ ಇರುವುದು, ಕೀಳಾಗಿ ಕಾಣುವುದು. ಇಂಗ್ಲಿಷೂ ಕಣ್ಣನ್ನು ಮೇಲೆ ಕೆಳಗೆ ಮಾಡಿಯೇ ಗೌರವ ಅಳೆಯುತ್ತದೆ ಅಂತ ತಿಳಿದಾಗ ಅವರಿಗಾದ ಸಂತೋಷ ದೊಡ್ಡದು. ಆಕೆ ಏನೂ ಮಾತಾಡದೆ ಬರೆಯುತ್ತಿದ್ದಳು. ಹೋಗುವಾಗ ನೋಟ್‌ಬುಕ್ಕಿನ ಹಾಳೆ ತೆರೆದು ನನ್ನ ಮೇಜಿನ ಮೇಲೆ ಇಟ್ಟಳು. ‘ಇನ್ ಎಯ್ಟ್ ವಿಲೇಜಸ್ ಪೀಪಲ್ ಲುಕ್ಡ್ ಅಪ್ ಟು ಮೈ ಫಾದರ್.’ ನಾನು ಕೆಂಪು ಶಾಯಿ ಮುಟ್ಟಲಿಲ್ಲ. ಆ ವಾಕ್ಯದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ಜುಲೈ ತಿಂಗಳಲ್ಲಿ ಇನ್ನೊಬ್ಬಳು ತಾಯಿ ಖುಷಿಯಿಂದ ಓಡಿಬಂದಳು. ಮಗನ ಶಾಲೆಯಲ್ಲಿ ಪಾಲಕರ ಸಭೆ ಇತ್ತಂತೆ, ಕ್ಲಾಸ್ ಟೀಚರು ‘ಯುವರ್ ಸನ್ ಹ್ಯಾಸ್ ಕ್ವೈಟ್ ಎ ರೆಪ್ಯುಟೇಷನ್’ ಅಂದರಂತೆ. ಅದನ್ನು ಹಾಗೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ರೆಪ್ಯುಟೇಷನ್ ಅಂದರೆ ಅವಳ ಪುಸ್ತಕದಲ್ಲಿ ‘ಮಿಂಗ್‌ಯೂ’, ಒಳ್ಳೆಯ ಹೆಸರು. ಅದರ ಹಿಂದೆ ಗುಡ್ ಅಂತಲೋ ಏನಾದರೂ ಇಲ್ಲದೆ, ಬರೀ ‘ರೆಪ್ಯುಟೇಷನ್ ಇದೆ’ ಅಂದರೆ, ಅದರಲ್ಲೂ ‘ಕ್ವೈಟ್ ಎ’ ಸೇರಿಸಿದರೆ, ಇಂಗ್ಲಿಷಿನಲ್ಲಿ ಹುಬ್ಬೇರಿಸಿ ಹೇಳಿದ ಹಾಗೆ. ನಾವು ‘ಅವನದೇನು ಕೇಳ್ತೀರಿ, ಊರಿಗೆಲ್ಲ ಗೊತ್ತು’ ಅಂದ ಹಾಗೆ. ತರಗತಿಯಲ್ಲಿ ಅವಳಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಪಾಠ ಮುಗಿದ ಮೇಲೆ ಕಾಫಿ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿಯ ಕಾಫಿಗೆ ಕೋಪಿ ಅನ್ನುತ್ತಾರೆ, ಕಂಡೆನ್ಸ್ಡ್ ಹಾಲು ಹಾಕಿ ಕಪ್ಪಿನ ತಳದಲ್ಲಿ ದಪ್ಪ ಪದರ ನಿಂತಿರುತ್ತದೆ. ಅವಳು ಕಲಕುತ್ತ ಕುಳಿತಾಗ, ಹುಡುಗ ಪಾಠದ ಮಧ್ಯೆ ಮಾತಾಡುತ್ತಾನಾ ಅಂತ ಕೇಳಿದೆ. ಚಮಚ ನಿಂತಿತು. ‘ಮಾತಾಡುತ್ತಾನೆ. ಮನೆಯಲ್ಲೂ ಬಾಯಿ ಮುಚ್ಚುವುದಿಲ್ಲ’ ಅಂದಳು. ‘ಟೀಚರು ಅದನ್ನೇ ಹೇಳಿರಬೇಕು’ ಅಂದೆ. ಸ್ವಲ್ಪ ಹೊತ್ತು ಕಪ್ಪನ್ನೇ ನೋಡಿದಳು. ಆಮೇಲೆ ನನ್ನ ಕೈ ಹಿಡಿದು, ಇದನ್ನು ಅಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಲಿಲ್ಲ; ‘ಇಲ್ಲಿ ಹೇಳಿದಿರಿ, ಒಳ್ಳೆಯದಾಯಿತು ಲಾವ್‌ಶಿ’ ಅಂದಳು. ಮಾರ್ಚಿನಲ್ಲಿ ನನಗೆ ಇಷ್ಟು ತಿಳಿದಿರಲಿಲ್ಲ. ಈ ಪದಗಳ ಅರ್ಥದಲ್ಲಿ ಅರ್ಧ ಪದಕೋಶದಲ್ಲಿದೆ, ಉಳಿದರ್ಧ ಯಾರ ಎದುರು ಹೇಳುತ್ತೇವೆ ಅನ್ನುವುದರಲ್ಲಿದೆ.

ಕಲಿಸುವ ಯಾರಿಗೂ ಅವರಲ್ಲಿ ಲಾವ್‌ಶಿ ಅನ್ನುವ ಒಂದೇ ಪದ. ನಮ್ಮ ಕಡೆ ಶಾಲೆಯ ಗಂಡು ಮೇಷ್ಟ್ರಿಗೆ ಮಾಸ್ತರು, ಹೆಣ್ಣು ಮಕ್ಕಳು ಕಲಿಸಿದರೆ ಅಕ್ಕೋರು. ಹೆಸರು ಹಿಡಿದು ಕರೆಯುವ ಮಾತೇ ಇಲ್ಲ. ಅವರಿಗೆ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ತೊಡಕಾಗಿದ್ದು ಇದು: ಗೌರವವನ್ನು ಎಲ್ಲಿ ಇಡುವುದು? ಚೀನೀ ಭಾಷೆಯಲ್ಲಿ ಸಮಾನರಿಗೆ ‘ನಿ’, ಹಿರಿಯರಿಗೆ ‘ನಿನ್’. ಆಯಿ ನನ್ನನ್ನು ‘ನಿನ್’ ಅಂತ ಕರೆಯುವಾಗ ನನ್ನ ಕಿವಿಗೆ ಕನ್ನಡದ ‘ನಿನ್ನ’ ಕೇಳಿದಂತಾಗಿ ಮೊದಮೊದಲು ಒಂದು ಕ್ಷಣ ತಡವರಿಸುತ್ತಿದ್ದೆ. ಅವರು ಕೊಡುತ್ತಿದ್ದದ್ದು ಬಹುವಚನಕ್ಕಿಂತ ಮೇಲಿನ ಮರ್ಯಾದೆ. ಧಾರವಾಡದಲ್ಲಿ ಒಂದು ‘ರೀ’ ಸೇರಿಸಿದರೆ ಸಾಕು, ಜಗಳವೂ ಮರ್ಯಾದೆಯಲ್ಲಿ ನಡೆಯುತ್ತದೆ. ಇಂಗ್ಲಿಷಿನ ಯೂ ರಾಜನಿಗೂ ಒಂದೇ, ನಾಯಿಗೂ ಒಂದೇ. ಅಲ್ಲಿ ಗೌರವ ಸರ್ವನಾಮದಲ್ಲಿಲ್ಲ, ವಾಕ್ಯದ ಉದ್ದದಲ್ಲಿದೆ ಅಂತ ಹೇಳಿಕೊಟ್ಟೆ. ‘ವುಡ್ ಯೂ ಮೈಂಡ್’, ‘ಐ ವಾಸ್ ವಂಡರಿಂಗ್’ ಅಂತ ವಾಕ್ಯ ಸುತ್ತು ಹಾಕಿಕೊಂಡು ಬಂದಷ್ಟೂ ಮರ್ಯಾದೆ ಹೆಚ್ಚು. ಅದನ್ನು ಅವರು ನೆಚ್ಚಿದರೋ ಇಲ್ಲವೋ, ಬಳಸಲಂತೂ ಕಲಿತರು.

ಸ್ಟೇಟಸ್ ಎಂಬ ಪದದ ದಿನ ನಮ್ಮ ಅಂತಸ್ತು ನನ್ನ ಕೈಹಿಡಿಯಿತು. ಕನ್ನಡದಲ್ಲಿ ಮನೆಯ ಮಹಡಿಗೂ ಅಂತಸ್ತು, ಮನುಷ್ಯನ ಸ್ಥಾನಕ್ಕೂ ಅಂತಸ್ತು. ಹನ್ನೊಂದನೇ ಅಂತಸ್ತಿನಲ್ಲಿ ಮನೆ ಮಾಡಿಕೊಂಡಿದ್ದ ನಾನು ಕೈ ಮೇಲೆ ತೋರಿಸಿ ಇದನ್ನು ಹೇಳಿದಾಗ ಯಾರಿಗೂ ಭಾಷಾಂತರ ಬೇಕಾಗಲಿಲ್ಲ. ಚೀನೀ ಪದ ‘ತೀವೆಯ್’, ನೆಲ ಮತ್ತು ಆಸನ. ಸ್ಟೇಟಸ್ಸಿನ ಲ್ಯಾಟಿನ್ ಮೂಲ ನಿಲ್ಲುವುದು. ನಮ್ಮ ಸ್ಥಾನದಲ್ಲಿರುವ ಸಂಸ್ಕೃತದ ‘ಸ್ಥಾ’ ಅದರ ಬಳಗವೇ. ಎಲ್ಲ ಭಾಷೆಗಳಲ್ಲೂ ಪ್ರಶ್ನೆ ಒಂದೇ, ನೀನು ಎಲ್ಲಿ ನಿಂತಿದ್ದೀಯ. ಸಿಂಗಪುರದವರು ಅದಕ್ಕೆ ಐದು ಸಿ ಅಕ್ಷರಗಳ ಉತ್ತರ ಇಟ್ಟುಕೊಂಡಿದ್ದಾರೆ: ಕ್ಯಾಶ್, ಕಾರ್, ಕ್ರೆಡಿಟ್ ಕಾರ್ಡ್, ಕಾಂಡೊಮಿನಿಯಂ, ಕಂಟ್ರಿ ಕ್ಲಬ್. ಕಾರಿನ ಬೆಲೆಯ ಜೊತೆಗೆ ಅದನ್ನು ಹತ್ತು ವರ್ಷ ಇಟ್ಟುಕೊಳ್ಳುವ ಹಕ್ಕುಪತ್ರವನ್ನೂ ಹರಾಜಿನಲ್ಲಿ ಕೊಳ್ಳಬೇಕಾದ ಊರು ಅದು, 1990ರಿಂದ ಹಾಗೆ. ನನ್ನ ತರಗತಿಯಲ್ಲಿ ಯಾರ ಬಳಿಯೂ ಐದರಲ್ಲಿ ಒಂದೂ ಇರಲಿಲ್ಲ.

ಅವರಲ್ಲೊಬ್ಬಳು ಊರಿನ ಬಟ್ಟೆ ಕಾರ್ಖಾನೆಯಲ್ಲಿ ಉಪ ವ್ಯವಸ್ಥಾಪಕಿಯಾಗಿದ್ದವಳು. ಚೀನಾದಲ್ಲಿ ಉಪ ಅನ್ನುವುದನ್ನು ಬಿಟ್ಟು ‘ವ್ಯವಸ್ಥಾಪಕರೇ’ ಅಂತಲೇ ಕರೆಯುತ್ತಾರೆ, ಅದು ಮಿಯೆನ್‌ತ್ಸ ಕೊಡುವ ರೀತಿ. ಇಲ್ಲಿ ಊಟದ ಅಂಗಡಿಯಲ್ಲಿ ಮೇಜು ಒರೆಸುತ್ತಿದ್ದಳು. ಕೆಲಸದ ಅರ್ಜಿಯಲ್ಲಿ ‘ವೈಸ್ ಮ್ಯಾನೇಜರ್’ ಅಂತ ಬರೆದಿದ್ದಳು. ವೈಸ್ ಅಂದರೆ ದುಶ್ಚಟ ಅಂತಲೂ ಅರ್ಥವಿದೆ, ಡೆಪ್ಯುಟಿ ಅಂತ ಬರೆ ಅಂದೆ. ಬರೆದಳು. ಆಮೇಲೆ ಹಿಂದೆ ಆಗಿದ್ದೆ ಅನ್ನುವುದಕ್ಕೆ ಏನು ಪದ ಅಂತ ಕೇಳಿದಳು. ‘ಫಾರ್ಮರ್’ ಹೇಳಿಕೊಟ್ಟೆ. ಆ ಪದವನ್ನು ಅವಳು ಮೂರು ಸಲ ಬರೆದು ನೋಡಿ, ಅರ್ಜಿಯಲ್ಲಿ ಹಾಕದೆ ಬಿಟ್ಟಳು.

ಆಯಿಗೆ ಹಿಡಿಸಿದ ಪದ ರೆಪ್ಯುಟೇಷನ್. ಅದರ ಮೂಲದಲ್ಲಿ ಲೆಕ್ಕ ಹಾಕುವುದು, ಮತ್ತೆ ಮತ್ತೆ ಎಣಿಸಿ ನೋಡುವುದು ಅನ್ನುವ ಅರ್ಥವಿದೆ ಅಂತ ಹೇಳಿದಾಗ ಅವರ ಕಣ್ಣು ಅರಳಿತು. ಇಪ್ಪತ್ತು ವರ್ಷ ಲೆಕ್ಕ ಬರೆದವರಲ್ಲವೇ. ಕನ್ನಡದಲ್ಲೂ ‘ಅವರನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ’ ಅನ್ನುತ್ತೇವೆ ಅಂದೆ. ಅವರು ತಲೆಯಾಡಿಸಿ, ‘ಮೂವತ್ತು ವರ್ಷದವರೆಗೆ ನನ್ನನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ’ ಅಂದರು.

ಆ ಕತೆ ಅವರು ಎರಡು ಮೂರು ಸಂಜೆ ಬಿಡಿಬಿಡಿಯಾಗಿ ಹೇಳಿದರು. 1950ರ ಭೂ ಸುಧಾರಣೆಯಲ್ಲಿ ಪ್ರತಿ ಹಳ್ಳಿಯ ಪ್ರತಿ ಮನೆಗೂ ಒಂದು ವರ್ಗ ಗುರುತು ಮಾಡಿದರು: ಭೂಮಾಲೀಕ, ಶ್ರೀಮಂತ ರೈತ, ಮಧ್ಯಮ ರೈತ, ಬಡ ರೈತ. ಅದಕ್ಕೆ ‘ಛಂಗ್‌ಫನ್’ ಅನ್ನುತ್ತಾರೆ. ಅಜ್ಜನ ಹೊಲದಿಂದಾಗಿ ಅವರ ಮನೆಗೆ ಭೂಮಾಲೀಕ ಎಂಬ ಗುರುತು ಬಿತ್ತು. ಹೊಲ ಹಂಚಿಹೋಯಿತು, ಗುರುತು ಉಳಿಯಿತು. ಅಪ್ಪನಿಂದ ಮಗಳಿಗೆ ಬಂತು. ಶಾಲೆಯ ಅರ್ಜಿಯಲ್ಲಿ, ಕೆಲಸದ ಅರ್ಜಿಯಲ್ಲಿ ಅದಕ್ಕೊಂದು ಕಾಲಂ. ಅದನ್ನು ತುಂಬಿದ ಮೇಲೆ ಉಳಿದ ಯಾವ ಕಾಲಂ ಅನ್ನೂ ಯಾರೂ ಓದುತ್ತಿರಲಿಲ್ಲ ಅಂದರು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ ಅವರಿಗೆ 17. ಅಪ್ಪನ ತಲೆಗೆ ಎತ್ತರದ ಕಾಗದದ ಟೊಪ್ಪಿಗೆ ಹಾಕಿ ಊರ ಕಣದಲ್ಲಿ ನಿಲ್ಲಿಸಿದ್ದನ್ನು ಕಂಡವರು. ಚೀನೀ ಭಾಷೆಯಲ್ಲಿ ಇಂಥ ಗುರುತು ಹೊರಿಸುವುದಕ್ಕೆ ಟೊಪ್ಪಿಗೆ ಹಾಕುವುದು ಅಂತಲೇ ಹೆಸರು, ತೆಗೆಯುವುದಕ್ಕೆ ಟೊಪ್ಪಿಗೆ ತೆಗೆಯುವುದು. 1979ರ ಜನವರಿಯಲ್ಲಿ ಭೂಮಾಲೀಕರ, ಶ್ರೀಮಂತ ರೈತರ ಟೊಪ್ಪಿಗೆ ತೆಗೆಯಬೇಕೆಂದು ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿ ತೀರ್ಮಾನ ಮಾಡಿತು. ಅದಾದ ಮೇಲೆಯೇ ಆಯಿಗೆ ಕಾರ್ಖಾನೆಯ ಲೆಕ್ಕದ ಕೆಲಸ ಸಿಕ್ಕಿದ್ದು.

‘ಛಂಗ್‌ಫನ್‌ಗೆ ಇಂಗ್ಲಿಷಿನಲ್ಲಿ ಏನು?’ ಅಂತ ಕೇಳಿದರು. ನಾನು ಕ್ಲಾಸ್ ಅಂದೆ. ಅದು ಶಾಲೆಯ ಕೋಣೆ ಅಲ್ಲವೇ ಅಂದರು. ಸ್ಟೇಟಸ್ ಅಂದೆ. ಅದು ನಿಲ್ಲುವ ಜಾಗ ಅಂತ ನೀವೇ ಹೇಳಿದಿರಿ, ನಮಗೆ ನಿಲ್ಲಲು ಜಾಗವೇ ಇರಲಿಲ್ಲ ಅಂದರು. ಬ್ಯಾಕ್‌ಗ್ರೌಂಡ್ ಅಂದೆ. ಅದು ಬೆನ್ನ ಹಿಂದೆ ಇರುತ್ತದೆ, ಇದು ಮುಂದೆ ಇತ್ತು ಅಂದರು. ಲೇಬಲ್ ಅಂದೆ. ಯೋಚಿಸಿದರು. ಅದನ್ನು ನೀರು ಹಾಕಿ ಉಜ್ಜಿದರೆ ಹೋಗುತ್ತದೆ ಅಂದರು.

ಹುಟ್ಟಿನ ಜೊತೆ ಬಂದು ಅರ್ಜಿಯ ಕಾಲಮ್ಮಿನಲ್ಲಿ ಕೂರುವ ಗುರುತು ಕನ್ನಡದವಳಾದ ನನಗೆ ಹೊಸದಲ್ಲ. ನಮ್ಮಲ್ಲಿ ಜಾತಿಯ ಹೆಸರಿನಲ್ಲಿ ಎಷ್ಟು ಮಂದಿ ಎಷ್ಟು ತಲೆಮಾರು ಅದನ್ನು ಹೊತ್ತಿದ್ದಾರೆ, ಈಗಲೂ ಹೊರುತ್ತಿದ್ದಾರೆ ಅನ್ನುವುದನ್ನು ನಾನು ಅವರಿಗೆ ಹೇಳಿದೆ. ಅದು ಬೇರೆ, ಇದು ಬೇರೆ. ಆದರೆ ಕಾಲಂ ತುಂಬುವವರ ಕೈ ನಡುಗುವುದು ಒಂದೇ. ಕನ್ನಡದಲ್ಲಿ ಹಣೆಪಟ್ಟಿ ಅನ್ನುತ್ತೇವೆ ಅಂದೆ. ಬೋರ್ಡಿನ ಮೇಲೆ ಒಂದು ಮುಖ ಬರೆದು, ಹಣೆಗೆ ಅಡ್ಡಲಾಗಿ ಒಂದು ಪಟ್ಟಿ ಎಳೆದು ತೋರಿಸಿದೆ. ಆಯಿ ಎದ್ದು ಬಂದು ಆ ಪಟ್ಟಿಯ ಮೇಲೆ ಬೆರಳಿಟ್ಟರು. ತಮ್ಮ ಹಣೆಯನ್ನೂ ಮುಟ್ಟಿಕೊಂಡರು. ಟೊಪ್ಪಿಗೆಗಿಂತ ಕೆಳಗೆ, ಲಿಯೆನ್‌ಗಿಂತ ಮೇಲೆ ಅಂದರು.

ಆಯಿ 2009ರಲ್ಲಿ ಊರಿಗೆ ಮರಳಿದರು. ಹೋಗುವ ಮುಂಚೆ ಮೂರು ವರ್ಷ ನಾವೆಲ್ಲ ಸೇರಿ ಬರೆದ ಪದಗಳನ್ನು ಒಂದು ಉದ್ದ ಲೆಕ್ಕದ ಹಾಳೆಯಲ್ಲಿ, ಅಡ್ಡಗೆರೆ ಉದ್ದಗೆರೆ ಎಳೆದು, ಮೂರು ಕಾಲಮ್ಮಿನಲ್ಲಿ ಕೂರಿಸಿ ನನಗೆ ಕೊಟ್ಟರು. ಎಡಗಡೆ ಅವರ ಕೈಬರಹದ ಚೀನೀ, ನಡುವೆ ಇಂಗ್ಲಿಷ್, ಬಲಗಡೆಯ ಕಾಲಂ ನನಗೆ ಬಿಟ್ಟಿದ್ದರು. ಅಲ್ಲೇ ಕುಳಿತು ಕನ್ನಡ ತುಂಬಿದೆ. ಮಾನ, ಮರ್ಯಾದೆ, ಹೆಸರು, ಅಂತಸ್ತು, ಪ್ರತಿಷ್ಠೆ, ಕುಖ್ಯಾತಿ. ಒಟ್ಟು 41 ಸಾಲು. ಛಂಗ್‌ಫನ್ ಇರುವ ಸಾಲಿನಲ್ಲಿ ಕನ್ನಡದ ಕಡೆ ಹಣೆಪಟ್ಟಿ ಅಂತ ಬರೆದಿದ್ದೇನೆ. ನಡುವಿನ ಇಂಗ್ಲಿಷ್ ಮನೆಯನ್ನು ಆಯಿ ಖಾಲಿ ಬಿಟ್ಟಿದ್ದರು, ಅದು ಈಗಲೂ ಖಾಲಿ ಇದೆ.